ಕಾನ್ವೆಂಟಿನ ಬಾಲಿಕಾ ಪ್ರೌಢಶಾಲೆಯ ವಾರಕ್ರಮ

ಕರ್ಣಾಟಕದಲ್ಲಿ ನಡೆದ ಸ್ತ್ರೀವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಶಾಲೆಗಳು ಸ್ಥಾಪನೆಗೊಂಡ ವರ್ಷಗಳನ್ನೂ ಸ್ಥಾಪಕರ ಹೆಸರುಗಳನ್ನೂ ಪರೀಕ್ಷೆಯಲ್ಲಿ ತೇರ್ಗಡೆಯಾದ ಹೆಣ್ಣುಮಕ್ಕಳ ಸಂಖ್ಯೆಯನ್ನೂ ದಾಖಲಿಸಿ ತೃಪ್ತರಾಗಿದ್ದಾರೆ. ಶಾಲೆಯ ಒಳಗೆ ವಾರದ ಹೊತ್ತು ಹೇಗೆ ಹಂಚಿಕೆಯಾಗಿದ್ದಿತು, ಯಾವ ಪಾಠಕ್ಕೆ ಎಷ್ಟು ಅವಧಿಯನ್ನು ಯಾರ ಒತ್ತಾಯದಿಂದ ಮೀಸಲಿಡಲಾಗುತ್ತಿದ್ದಿತು ಎಂಬ ಪ್ರಶ್ನೆಯನ್ನು ಅವರು ಅಷ್ಟಾಗಿ ಕೇಳಿದಂತೆ ಕಾಣುವುದಿಲ್ಲ. ಮುಖ್ಯೋಪಾಧ್ಯಾಯಿನಿಯ ಕೊಠಡಿಯ ಹೊರಗೆ ತೂಗುವ ವೇಳಾಪಟ್ಟಿಯೂ ಒಂದು ಶಾಸನದಂತೆ ಓದತಕ್ಕ ವಸ್ತುವೆಂಬುದು ನಮ್ಮ ನಂಬಿಕೆ. ಪ್ರಕೃತ ಲೇಖನದಲ್ಲಿ ಕ್ಯಾಥೊಲಿಕ್ ಕನ್ಯಾಮಠಗಳು ನಡೆಸುವ ಬಾಲಿಕಾ ಪ್ರೌಢಶಾಲೆಯ ವಾರಕ್ರಮವನ್ನು ಆ ದೃಷ್ಟಿಯಿಂದ ವಿಚಾರಮಾಡಲು ಯತ್ನಿಸಿದ್ದೇವೆ.

ಬೆಂಗಳೂರಿನ ಪಶ್ಚಿಮ ಭಾಗದಿಂದ ಆರಂಭಿಸುವುದಕ್ಕೆ ಕಾರಣವುಂಟು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಇವು ಹಳೆಯ ಊರುಗಳಲ್ಲ. 1945ರಲ್ಲಿ ರಚಿತವಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯೂ 1976ರಲ್ಲಿ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಹೊಲಗದ್ದೆಗಳ ಮೇಲೆ ಗೆರೆಯೆಳೆದು ನಿರ್ಮಿಸಿದ ಬಡಾವಣೆಗಳು ಇವು. ಕೆಂಗೇರಿ ಮಾತ್ರ ಮೈಸೂರು ರಸ್ತೆಯ ಮೇಲಿನ ಹಳೆಯ ಊರು. ಅದೂ ಕಾಲಕ್ರಮದಲ್ಲಿ ಉಪನಗರವನ್ನು ಬೆಳೆಸಿಕೊಂಡು ನಗರದೊಳಗೆ ಸೇರಿಹೋಯಿತು. ಮಾಗಡಿ ರಸ್ತೆಯ ಆಚೀಚೆ ಬಟ್ಟೆಯ ಗಿರಣಿಗಳಿದ್ದವು. ರಾಜಾಜಿನಗರಕ್ಕೆ ಹೊಂದಿಕೊಂಡು ಕೈಗಾರಿಕಾ ಬಡಾವಣೆ ಬೆಳೆಯಿತು. ಗಿರಣಿಯ ಕಾರ್ಮಿಕರು, ಸಣ್ಣ ಕಾರ್ಖಾನೆಗಳ ಕುಶಲಕರ್ಮಿಗಳು, ಕಚೇರಿಯ ಗುಮಾಸ್ತರು, ಹಳ್ಳಿಯ ಜಮೀನು ಬಿಟ್ಟು ಬಂದ ಒಕ್ಕಲು ಕುಟುಂಬದವರು ಇಲ್ಲಿ ಮನೆ ಹೂಡಿದರು. ಇಂತಹವರ ಹೆಣ್ಣುಮಕ್ಕಳು ನೀಲಿಯದೋ ಬಿಳಿಯದೋ ಸಮವಸ್ತ್ರ ತೊಟ್ಟು, ಎರಡು ಜಡೆಗೆ ರಿಬ್ಬನ್ನು ಕಟ್ಟಿ ಕಾನ್ವೆಂಟಿನ ಶಾಲೆಗೆ ಹೊರಟಾಗ, ಆ ಶಾಲೆಯ ರೀತಿನೀತಿಗಳು ಬಡಾವಣೆಯಷ್ಟು ಹೊಸವಾಗಿರಲಿಲ್ಲ. ಅವು ಬೇರೆಡೆ, ಬೇರೆ ಜನರಿಗಾಗಿ, ಸುಮಾರು ಒಂದು ಶತಮಾನಕ್ಕೆ ಹಿಂದೆಯೇ ರೂಪುಗೊಂಡು ಸಿದ್ಧವಾಗಿ ಬಂದಿದ್ದವು. ಆದಕಾರಣ ಅವು ರೂಪುಗೊಂಡ ಸ್ಥಳಗಳಿಗೆ ಮೊದಲು ಹೋಗಬೇಕಾಗುತ್ತದೆ.

ಬೆಂಗಳೂರಿನಲ್ಲಿ ಹೆಣ್ಣುಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳುವ ಪ್ರಯತ್ನವನ್ನು 1840ರ ದಶಕದಲ್ಲಿಯೇ ಲಂಡನ್ ಮಿಷನ್ನಿನವರು ಕೈಗೊಂಡಿದ್ದರು. ಕ್ಯಾಥೊಲಿಕರ ಪೈಕಿ, ಫ್ರಾನ್ಸಿನ ಆಂಜೆ ನಗರದಲ್ಲಿ ಮೂಲಮಠವುಳ್ಳ ಗುಡ್ ಶೆಪರ್ಡ್ ಸಂಘದ ಭಗಿನಿಯರು 1854ರಲ್ಲಿ ಬಂದರು. ಮೈಸೂರು ಮಿಷನ್ನಿನ ಮುಖ್ಯಸ್ಥರಾಗಿದ್ದ ಬಿಷಪ್ ಶಾರ್ಬೊನ್ನೊ ಅವರನ್ನು ಬರಮಾಡಿಕೊಂಡರು. ಆದರೆ ಅವರ ಮಠ, ಶಾಲೆ, ಅನಾಥಾಲಯ ಎಲ್ಲವೂ ನೆಲೆಗೊಂಡದ್ದು ದಂಡಿನ ಕಡೆಗೆ. ದಂಡಿನ ಮಾತು ಇಂಗ್ಲಿಷು ಮತ್ತು ತಮಿಳು. ಕನ್ನಡದ ಪೇಟೆಗೂ ಆ ಶಾಲೆಗೂ ಬಹುಕಾಲ ನಿಕಟವಾದ ಸಂಬಂಧ ಏರ್ಪಡಲಿಲ್ಲ. ಪೇಟೆಯ ಮತ್ತು ಅಗ್ರಹಾರದ ಗೃಹಸ್ಥರು ಮಗಳನ್ನು ಶಾಲೆಗೆ ಕಳುಹಿಸಲು ಒಪ್ಪಿದ್ದು ಬೇರೊಂದು ಮಾದರಿಯನ್ನು ಕಂಡಮೇಲೆ. 1881ರಲ್ಲಿ ಮೈಸೂರಿನಲ್ಲಿ ಆರಂಭವಾದ ಮಹಾರಾಣಿ ಬಾಲಿಕಾ ಪಾಠಶಾಲೆ ಅವರ ಆಚಾರಕ್ಕೆ ಧಕ್ಕೆ ಬರದಂತೆ ನಡೆಯಿತು.

ಕನ್ನಡ ನಾಡಿನಲ್ಲಿ ಕಾನ್ವೆಂಟು ಶಾಲೆಯ ವಾರಕ್ರಮ ಹೇಗೆ ಹುಟ್ಟಿತೆಂಬುದನ್ನು ತಿಳಿಯಲು ದಂಡಿಗಿಂತ ಮಂಗಳೂರು ಹೆಚ್ಚು ಉಪಯುಕ್ತ. ಅಪೋಸ್ತಲಿಕ್ ಕಾರ್ಮೆಲ್ ಎಂಬ ಸಂಘವನ್ನು ಸ್ಥಾಪಿಸಿದ ಮದರ್ ವೆರೋನಿಕಾ ಅವರ ಪೂರ್ವಾಶ್ರಮದ ಹೆಸರು ಸೋಫಿ ಲೀವ್ಸ್. 1823ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದ ಈಕೆ 1850ರಲ್ಲಿ ಕ್ಯಾಥೊಲಿಕ್ ಸಭೆಯನ್ನು ಸೇರಿ, ಭಗಿನಿಯಾಗಿ 1862ರಲ್ಲಿ ಕಲ್ಲಿಕೋಟೆಯ ಶಾಲೆಗೆ ಬಂದರು. ಪಶ್ಚಿಮ ಕರಾವಳಿಯ ಹೆಣ್ಣುಮಕ್ಕಳಿಗೆ ಕಲಿಸಲು ಅಧ್ಯಾಪನಕ್ಕೆಂದೇ ಸಿದ್ಧಗೊಂಡ ಭಗಿನಿಯರು ಬೇಕು ಎಂಬ ಆಲೋಚನೆ ಅಲ್ಲಿ ಬಲಿಯಿತು. 1868ರ ಜುಲೈ 16ರಂದು ಫ್ರಾನ್ಸಿನ ಬಾಯೊನ್ ನಗರದಲ್ಲಿ ಹೊಸ ಸಂಘ ಸ್ಥಾಪಿತವಾಯಿತು. ಮಂಗಳೂರಿನ ಬಿಷಪ್ ಮೇರಿ ಎಫ್ರೆಮ್ ಅವರ ಕರೆಯ ಮೇರೆಗೆ ಮದರ್ ಮೇರಿ ದೆಸಾಂಜ್ ಅವರ ನಾಯಕತ್ವದಲ್ಲಿ ಒಂದು ಸಣ್ಣ ತಂಡ 1870ರ ನವೆಂಬರು 19ರಂದು ಮಂಗಳೂರನ್ನು ಮುಟ್ಟಿತು. ಸಂತ ಆ್ಯನ್ನರ ಹೆಸರಿನ ಕನ್ಯಾಮಠವೂ ಶಾಲೆಯೂ ಅಲ್ಲಿಂದ ಆರಂಭವಾದವು.

ಈ ಪ್ರಸಂಗದಲ್ಲಿ ಚರಿತ್ರಕಾರರು ಸಾಮಾನ್ಯವಾಗಿ ಹಾದುಹೋಗುವ ಒಂದು ಸಂಗತಿ ನಮಗೆ ಬಹಳ ಮುಖ್ಯವಾಗಿ ತೋರುತ್ತದೆ. ಅದೇ ವರ್ಷ ಮಂಗಳೂರಿಗೆ ಎರಡು ಬಗೆಯ ಕಾರ್ಮೆಲ್ ಭಗಿನಿಯರು ಬಂದರು. ಒಂದು ಬಗೆಯವರು ಹೊರಲೋಕದ ಸಂಪರ್ಕವನ್ನು ತೊರೆದು ಮೌನ ಮತ್ತು ಧ್ಯಾನದಲ್ಲಿ ಬಾಳತಕ್ಕವರು. ಪ್ರಯಾಣದಲ್ಲಿಯೇ ಅವರ ಪೈಕಿ ಕೆಲವರು ಮೃತರಾದರು. ಮುಂದೆ, 2015ರಲ್ಲಿ, ಸಂತರೆಂದು ಘೋಷಿತರಾದ ಪ್ಯಾಲೆಸ್ಟೈನಿನ ಮರಿಯಂ ಬವಾರ್ದಿ ಈ ತಂಡದವರು. ಇನ್ನೊಂದು ಬಗೆಯವರು ಪಾಠಹೇಳಲು ಬಂದವರು. ಆದರೆ ಇವರೂ ಕಾರ್ಮೆಲಿನವರೇ ಆದುದರಿಂದ ಧ್ಯಾನದ ಹೊತ್ತನ್ನು ಕೈಬಿಡುವಂತಿರಲಿಲ್ಲ. ಮುಂಜಾವಿನ ಪ್ರಾರ್ಥನೆ, ಬಲಿಪೂಜೆ, ಸಂಜೆಯ ಧ್ಯಾನ ಇವುಗಳ ನಡುವೆ ಉಳಿದ ಹಗಲನ್ನು ಶಾಲೆಗೆ ಕೊಡಬೇಕಾಯಿತು. ಗಂಟೆಯ ಶಬ್ದಕ್ಕೆ ಅನುಗುಣವಾಗಿ ಕೈಯಲ್ಲಿನ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಮುಂದಿನ ಕೆಲಸಕ್ಕೆ ಏಳುವುದು ಮಠದ ಶಿಸ್ತು. ಆ ಶಿಸ್ತೇ ತರಗತಿಗೂ ಇಳಿಯಿತು. ಸಾಲಾಗಿ ನಿಲ್ಲುವುದು, ಮೆಟ್ಟಿಲಲ್ಲಿ ಮಾತಾಡದಿರುವುದು, ಮಧ್ಯಾಹ್ನ ಹನ್ನೆರಡರ ಗಂಟೆಗೆ ಓದುತ್ತಿದ್ದ ವಾಕ್ಯವನ್ನು ನಿಲ್ಲಿಸಿ ಎದ್ದು ಪ್ರಾರ್ಥಿಸುವುದು — ಇವನ್ನು ಇಂಗ್ಲಿಷರ ರೀತಿಯೆಂದು ನಮ್ಮವರು ಬಗೆದದ್ದುಂಟು. ವಾಸ್ತವದಲ್ಲಿ ಇವು ಮಠದ ರೀತಿ. ನಮ್ಮ ಗುರುಕುಲಗಳ ಬ್ರಾಹ್ಮೀಮುಹೂರ್ತಕ್ಕೂ ಇದಕ್ಕೂ ಇರುವ ಸಾಮ್ಯವನ್ನು ಯಾರಾದರೂ ವಿಸ್ತರಿಸಿ ಬರೆಯಬಹುದು. ನಾವು ಇಲ್ಲಿ ಅದನ್ನು ಸೂಚಿಸಿ ಬಿಡುತ್ತೇವೆ.

ಮಠದ ಜೊತೆಗೆ ಎರಡನೆಯ ಯಜಮಾನನೊಬ್ಬನಿದ್ದನು. ಅವನು ಸರ್ಕಾರ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತು. 1854ರ ವುಡ್ ನಿರೂಪವು ಖಾಸಗಿ ಶಾಲೆಗಳಿಗೆ ಧನಸಹಾಯ ಕೊಡುವ ಪದ್ಧತಿಯನ್ನು ಜಾರಿಗೆ ತಂದಿದ್ದಿತು. ಹೆಣ್ಣುಮಕ್ಕಳ ಶಾಲೆಗಳಿಗೆ ಹೆಚ್ಚು ಉದಾರವಾಗಿ ಸಹಾಯ ಮಾಡಬೇಕೆಂದು 1882ರ ಹಂಟರ್ ಆಯೋಗ ಶಿಫಾರಸು ಮಾಡಿತು. ಸಹಾಯ ಪಡೆಯುವ ಶಾಲೆಯನ್ನು ಸರ್ಕಾರದ ಪರಿವೀಕ್ಷಕರು ಬಂದು ನೋಡುವರು, ಹಾಜರಿಪಟ್ಟಿಯನ್ನು ತೆಗೆಸುವರು, ಲೌಕಿಕ ವಿಷಯಗಳ ಪಾಠವನ್ನಷ್ಟೇ ಲೆಕ್ಕಕ್ಕೆ ಹಿಡಿಯುವರು. ಧರ್ಮೋಪದೇಶಕ್ಕೆ ಅವರು ಸಹಾಯವನ್ನೂ ಕೊಡರು, ಅಡ್ಡಿಯನ್ನೂ ಮಾಡರು. ಹೀಗಾಗಿ ಶಾಲೆಯ ವಾರ ಎರಡು ಪಾಲಾಯಿತು: ಪರಿವೀಕ್ಷಕರಿಗೆ ಕಾಣುವ ವಾರ ಒಂದು, ಅವರ ಲೆಕ್ಕಕ್ಕೆ ಬಾರದ ವಾರ ಇನ್ನೊಂದು. ಮಂಗಳೂರಿನ ಕೊಂಕಣಿ ಕ್ರೈಸ್ತರು 'ದೊತೊರ್ನ್' ಎಂದು ಕರೆಯುವ ಧರ್ಮೋಪದೇಶದ ಪಾಠ ಈ ಎರಡನೆಯ ಪಾಲಿಗೆ ಸೇರಿತು.

ಸ್ವಾತಂತ್ರ್ಯಾನಂತರ ಈ ವಿಭಜನೆಗೆ ಸಂವಿಧಾನದ ಆಧಾರ ದೊರೆಯಿತು. ಅಲ್ಪಸಂಖ್ಯಾತರು ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು 30ನೆಯ ಅನುಚ್ಛೇದ ಕೊಟ್ಟರೆ, ಸರ್ಕಾರದಿಂದ ಮಾನ್ಯತೆ ಅಥವಾ ಧನಸಹಾಯ ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸಕೂಡದೆಂದು 28ನೆಯ ಅನುಚ್ಛೇದದ 3ನೆಯ ಖಂಡ ವಿಧಿಸಿತು. ಅಪ್ರಾಪ್ತ ವಯಸ್ಸಿನವರಾದರೆ ಪೋಷಕರ ಒಪ್ಪಿಗೆ ಬೇಕು. ಈ ಎರಡು ಅನುಚ್ಛೇದಗಳ ನಡುವಿನ ಒಪ್ಪಂದ ತರಗತಿಯಲ್ಲಿ ಹೇಗೆ ಕಾಣುತ್ತದೆಂಬುದು ಕಾನ್ವೆಂಟಿನಲ್ಲಿ ಓದಿದ ಎಲ್ಲರಿಗೂ ಗೊತ್ತು. ಒಂದೇ ಗಂಟೆ ಬಾರಿಸುತ್ತದೆ. ಕ್ಯಾಥೊಲಿಕ್ ಹುಡುಗಿಯರು ಪುಸ್ತಕ ಹಿಡಿದು ಒಂದು ಕೊಠಡಿಗೆ ಹೋಗುತ್ತಾರೆ. ಉಳಿದವರು ಇದ್ದಲ್ಲಿಯೇ ಕುಳಿತು ನೀತಿಪಾಠ ಕೇಳುತ್ತಾರೆ. ಮುಂದಿನ ಗಂಟೆಗೆ ಎಲ್ಲರೂ ಒಂದೇ ಬೆಂಚಿಗೆ ಮರಳಿ ಬೀಜಗಣಿತದ ಲೆಕ್ಕ ಬಿಡಿಸುತ್ತಾರೆ.

ಈ ನೀತಿಪಾಠವನ್ನು ಲಘುವಾಗಿ ನೋಡುವವರಿದ್ದಾರೆ. ಪರೀಕ್ಷೆಯಿಲ್ಲದ ಪಾಠವಾದುದರಿಂದ ಹುಡುಗಿಯರೂ ಅದನ್ನು ವಿಶ್ರಾಂತಿಯೆಂದೇ ತಿಳಿದದ್ದುಂಟು. ಆದರೆ ಚರಿತ್ರೆಯ ದೃಷ್ಟಿಯಿಂದ ಇದು ಕಾನ್ವೆಂಟಿನ ಅತ್ಯಂತ ಸ್ವತಂತ್ರವಾದ ಸೃಷ್ಟಿ ಎಂದು ನಾವು ಭಾವಿಸುತ್ತೇವೆ. ಧರ್ಮೋಪದೇಶಕ್ಕೆ ರೋಮಿನಿಂದ ಬಂದ ಗ್ರಂಥವಿದ್ದಿತು. ಗಣಿತಕ್ಕೆ ಸರ್ಕಾರದ ಪಠ್ಯವಿದ್ದಿತು. ಹಿಂದೂ, ಮುಸಲ್ಮಾನ, ಜೈನ ಮನೆಗಳ ಹೆಣ್ಣುಮಕ್ಕಳಿಗೆ ಯಾರ ನಂಬಿಕೆಯನ್ನೂ ನೋಯಿಸದೆ ಸತ್ಯ, ದುಡಿಮೆ, ಸೇವೆ ಇವುಗಳ ಬಗೆಗೆ ವಾರವಾರವೂ ಏನು ಹೇಳಬೇಕೆಂಬುದನ್ನು ಮಾತ್ರ ಉಪಾಧ್ಯಾಯಿನಿಯೇ ಕಂಡುಕೊಳ್ಳಬೇಕಾಗಿದ್ದಿತು. ಮಂಗಳೂರಿನಂತಹ ಊರಿನಲ್ಲಿ ಧರ್ಮೋಪದೇಶದ ಕೊಠಡಿ ತುಂಬಿರುತ್ತಿದ್ದರೆ, ಬೆಂಗಳೂರಿನ ಪಶ್ಚಿಮ ಬಡಾವಣೆಗಳಲ್ಲಿ ಜನವಸತಿಯ ಸ್ವರೂಪದಿಂದಲೇ ನೀತಿಪಾಠದ ಕೊಠಡಿ ದೊಡ್ಡದಾಯಿತು. ಹಾಗೆ ನೋಡಿದರೆ ಶಾಲೆಯನ್ನು ಕಟ್ಟಿದವರ ಮಕ್ಕಳು ಶಾಲೆಯಲ್ಲಿ ಅಲ್ಪಸಂಖ್ಯಾತರಾದರು.

ಮನೆಯ ಆಚಾರದೊಡನೆ ಘರ್ಷಣೆಯೇ ಇರಲಿಲ್ಲವೆಂದು ಹೇಳಲಾಗದು. ಹೂ ಮುಡಿಯಬಾರದು, ಕೈತುಂಬ ಬಳೆ ತೊಡಬಾರದು ಎಂಬ ನಿಯಮಗಳು ಕೆಲವು ಕಾನ್ವೆಂಟುಗಳಲ್ಲಿದ್ದವು. ಬಡವ ಬಲ್ಲಿದರ ಅಂತರ ಕಾಣಬಾರದೆಂಬುದು ಮಠದವರ ಸಮಾಧಾನ; ಮುತ್ತೈದೆಯ ಮನೆಯ ಮಗಳು ಬರಿಗೈಯಲ್ಲಿ ಹೋಗುವುದೆ ಎಂಬುದು ತಾಯಂದಿರ ಸಂಕಟ. ಎರಡೂ ಪ್ರಾಮಾಣಿಕವಾದ ಮಾತುಗಳೇ. ಶ್ರಾವಣದ ಶುಕ್ರವಾರಗಳಲ್ಲಿ ಈ ಬಿಕ್ಕಟ್ಟು ಹೆಚ್ಚುತ್ತಿದ್ದಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಇನ್ನು ಹೊಲಿಗೆಯ ಅವಧಿ. ವಾರಕ್ರಮದ ಒಳಗೆ ಇದರಷ್ಟು ಸ್ಥಾನಪಲ್ಲಟ ಹೊಂದಿದ ಪಾಠ ಇನ್ನೊಂದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮಗಳನ್ನು ಶಾಲೆಗೆ ಕಳುಹಿಸಲು ಅನುಮಾನಿಸುವ ತಂದೆತಾಯಿಗಳಿಗೆ ಹೊಲಿಗೆ, ಕಸೂತಿ, ಲೇಸಿನ ಕೆಲಸಗಳೇ ಶಾಲೆಯ ಭರವಸೆಯಾಗಿದ್ದವು. ಓದು ಬಾರದಿದ್ದರೂ ಕೈಗೆಲಸ ಬಂದೀತು ಎಂಬ ಲೆಕ್ಕಾಚಾರ. ಅನಾಥ ಹೆಣ್ಣುಮಕ್ಕಳಿಗೆ ಅದು ಜೀವನೋಪಾಯವೂ ಆಗಿದ್ದಿತು. ಸರ್ಕಾರವೂ ಅದನ್ನು ಹೆಣ್ಣುಮಕ್ಕಳ ಶಿಕ್ಷಣದ ಸಹಜವಾದ ಅಂಗವೆಂದೇ ಎಣಿಸಿತು. ಆದರೆ ಹೊಲಿಗೆಗೆ ಕೊಟ್ಟ ಅವಧಿ ಇನ್ನೊಂದು ವಿಷಯದಿಂದ ಕಿತ್ತುಕೊಂಡ ಅವಧಿ. ಗಂಡುಹುಡುಗರು ವಿಜ್ಞಾನವನ್ನೂ ಉನ್ನತ ಗಣಿತವನ್ನೂ ಓದುತ್ತಿದ್ದ ಹೊತ್ತಿನಲ್ಲಿ ಹುಡುಗಿಯರು ಸೂಜಿಗೆ ದಾರ ಪೋಣಿಸುತ್ತಿದ್ದರೆಂದು ಹೇಳಿದರೆ ಸ್ವಲ್ಪ ಕಟುವಾಯಿತಾದರೂ ಸುಳ್ಳಲ್ಲ.

ಈ ವಿಚಾರದಲ್ಲಿ ದೇಶದ ಅಭಿಪ್ರಾಯವೇ ಕೇವಲ ಹತ್ತು ವರ್ಷಗಳೊಳಗೆ ತಿರುಗಿತು. 1952-53ರ ಮುದಲಿಯಾರ್ ಆಯೋಗ ಬಾಲಿಕಾ ಶಾಲೆಗಳಲ್ಲಿ ಗೃಹವಿಜ್ಞಾನಕ್ಕೆ ವಿಶೇಷ ಅನುಕೂಲ ಕಲ್ಪಿಸಬೇಕೆಂದಿತು. 1962ರಲ್ಲಿ ಹಂಸಾ ಮೆಹತಾ ಸಮಿತಿ, ಹುಡುಗ ಹುಡುಗಿಯರೆಂಬ ಕಾರಣದಿಂದ ಪಠ್ಯಕ್ರಮದಲ್ಲಿ ಭೇದ ಮಾಡಲಾಗದೆಂದು ವರದಿಮಾಡಿತು. 1964-66ರ ಕೊಠಾರಿ ಆಯೋಗ ಆ ಅಭಿಪ್ರಾಯವನ್ನು ಎತ್ತಿಹಿಡಿದು, ಗಣಿತ ವಿಜ್ಞಾನಗಳನ್ನು ಎಲ್ಲರಿಗೂ ಸಾಮಾನ್ಯವಾಗಿಸಿ, ಕೈಗೆಲಸಕ್ಕೆ 'ಕಾರ್ಯಾನುಭವ'ವೆಂಬ ಹೊಸ ಹೆಸರಿಟ್ಟಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿಯ ತರುವಾಯ ಅದು 'ಸಮಾಜೋಪಯೋಗಿ ಉತ್ಪಾದಕ ಕಾರ್ಯ'ವಾಯಿತು. ಹೆಸರು ಉದ್ದವಾದಷ್ಟೂ ಅವಧಿ ಮೊಟಕಾಯಿತು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ವರ್ಷದಲ್ಲಿ ಅದನ್ನು ಗಣಿತದ ಉಪಾಧ್ಯಾಯಿನಿ ಎರವಲು ಪಡೆಯುವುದು ವಾಡಿಕೆಯಾಯಿತು. ಈ ಎರವಲು ಹಿಂತಿರುಗಿಸಿದ್ದನ್ನು ನಾವು ಕಂಡಿಲ್ಲ. ವಿಚಿತ್ರವೆಂದರೆ ಸೂಜಿ ಶಾಲೆಯಿಂದ ಹಿಂದೆ ಸರಿದ ಆ ದಶಕಗಳಲ್ಲಿಯೇ ಬೆಂಗಳೂರಿನಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳು ಬೆಳೆದು, ಮೈಸೂರು ರಸ್ತೆ, ಪೀಣ್ಯ ಮೊದಲಾದ ಕಡೆಗಳಲ್ಲಿ ಅಸಂಖ್ಯ ಹೆಂಗಸರು ಹೊಲಿಗೆಯ ಯಂತ್ರದ ಮುಂದೆ ಕುಳಿತರು. ಅವರಲ್ಲಿ ಹೆಚ್ಚಿನವರು ಪ್ರೌಢಶಾಲೆಯನ್ನು ಮುಗಿಸಲಾಗದವರು. ಮುಗಿಸಿದವರಿಗೆ ಬೇರೆ ದಾರಿಗಳಿದ್ದವು.

ವಾರದ ಉಳಿದ ಗತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಬೆಳಗಿನ ಸಭೆ, ನಾಡಗೀತೆ, ಪ್ರಾರ್ಥನೆ, ವಾರಕ್ಕೊಂದೆರಡು ಡ್ರಿಲ್ಲಿನ ಅವಧಿ, ಗೈಡುಗಳ ಕವಾಯತು, ಶನಿವಾರ ಅರ್ಧದಿನ. ತಿಂಗಳ ಮೊದಲ ಶುಕ್ರವಾರ ಕ್ಯಾಥೊಲಿಕ್ ಮಕ್ಕಳಿಗೆ ವಿಶೇಷ ಪೂಜೆ, ಅಕ್ಟೋಬರಿನಲ್ಲಿ ಜಪಸರ. ಮಂಗಳೂರಿನ ಕಡೆಯಲ್ಲಿ ಸೆಪ್ಟೆಂಬರು 8ರ ದೇವಮಾತೆಯ ಜನ್ಮದಿನಕ್ಕೆ ಮುನ್ನ ಒಂಬತ್ತು ದಿನ ಹೆಣ್ಣುಮಕ್ಕಳು ತಟ್ಟೆಗಳಲ್ಲಿ ಹೂ ತಂದು ಅರ್ಪಿಸುವ ಪದ್ಧತಿಯಿದೆ. ಆ ದಿನ ಹೊಸ ತೆನೆಯ ಅಕ್ಕಿಯನ್ನು ಮನೆಮಂದಿ ಕೂಡಿ ಉಣ್ಣುತ್ತಾರೆ. ಬೆಂಗಳೂರಿನಲ್ಲಿ ಅದೇ ದಿನ ಶಿವಾಜಿನಗರದ ಸಂತ ಮೇರಿ ಬಸಿಲಿಕಾದ ಜಾತ್ರೆ. 1962-65ರ ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೆ ಪೂಜೆಯ ಭಾಷೆ ಲ್ಯಾಟಿನು. ಅಲ್ಲಿಯವರೆಗೆ ಹುಡುಗಿಯರು ಅರ್ಥವರಿಯದ ಗೀತೆಗಳನ್ನು ಶುದ್ಧವಾದ ಸ್ವರದಲ್ಲಿ ಹಾಡಿದರು. ಅನಂತರ ಕನ್ನಡದ ಗೀತೆಗಳನ್ನು ಹಾಡಿದರು. ಬೆಂಗಳೂರಿನ ಚರ್ಚುಗಳಲ್ಲಿ ಪೂಜೆ ಕನ್ನಡದಲ್ಲಿ ನಡೆಯಬೇಕೆ, ತಮಿಳಿನಲ್ಲಿ ನಡೆಯಬೇಕೆ ಎಂಬ ವಿವಾದ ಆಗ ಹುಟ್ಟಿ ದೀರ್ಘಕಾಲ ಸಾಗಿತು.

ಭಾಷೆಯ ಪ್ರಶ್ನೆ ತರಗತಿಯಲ್ಲಿ ಇನ್ನೂ ತೀವ್ರವಾಗಿದ್ದಿತು. 1956ರ ನವೆಂಬರು 1ರಂದು ದಕ್ಷಿಣ ಕನ್ನಡ ವಿಶಾಲ ಮೈಸೂರಿಗೆ ಸೇರಿತು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಲಿ ರಚಿತವಾಯಿತು. ಮಂಗಳೂರಿನ ಕಾನ್ವೆಂಟೂ ಬೆಂಗಳೂರಿನ ಕಾನ್ವೆಂಟೂ ಒಂದೇ ಪರೀಕ್ಷೆಗೆ ಮಕ್ಕಳನ್ನು ಸಿದ್ಧಪಡಿಸತೊಡಗಿದ್ದು ಹೀಗೆ. ಆದರೆ ಒಂದೇ ಆವರಣದಲ್ಲಿ ಕನ್ನಡ ಮಾಧ್ಯಮದ ವಿಭಾಗವೂ ಇಂಗ್ಲಿಷು ಮಾಧ್ಯಮದ ವಿಭಾಗವೂ ಇರುವ ಶಾಲೆಗಳಲ್ಲಿ ಎರಡು ಬಗೆಯ ಹುಡುಗಿಯರು ಬೆಳೆದರೆಂಬುದನ್ನು ಮರೆಮಾಚಬಾರದು. ಸಮವಸ್ತ್ರ ಒಂದೇ, ಗಂಟೆ ಒಂದೇ, ಶುಲ್ಕ ಬೇರೆ, ನಿರೀಕ್ಷೆ ಬೇರೆ. ಗಿರಣಿಯ ಕೆಲಸಗಾರನ ಮಗಳಿಗೂ ಬ್ಯಾಂಕಿನ ನೌಕರನ ಮಗಳಿಗೂ ನಡುವೆ ಒಂದು ಗೋಡೆಯಷ್ಟೇ ಅಂತರವಿದ್ದರೂ ಆ ಗೋಡೆ ಗಟ್ಟಿಯಾದುದು. ಬಡವರಿಗಾಗಿ ಬಂದೆವೆಂದು ಹೇಳಿಕೊಂಡ ಸಂಘಗಳಿಗೆ ಇದು ಒಳಗಿನಿಂದಲೇ ಕೇಳಬೇಕಾದ ಪ್ರಶ್ನೆಯಾಯಿತು.

ಪ್ರೌಢಶಾಲೆಯ ಪ್ರಥಮ ಭಾಷೆಯಾಗಿ ಇಂಗ್ಲಿಷನ್ನೋ ಸಂಸ್ಕೃತವನ್ನೋ ಆಯ್ದುಕೊಂಡು ಕನ್ನಡವನ್ನು ಕೆಳಕ್ಕೆ ಸರಿಸುವ ವಾಡಿಕೆ ನಗರದ ಹಲವು ಶಾಲೆಗಳಲ್ಲಿದ್ದಿತು. 1980ರಲ್ಲಿ ನೇಮಕಗೊಂಡ ವಿ. ಕೃ. ಗೋಕಾಕ್ ಸಮಿತಿ, ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಿ 150 ಅಂಕಗಳನ್ನು ಹೊಂದಿರಬೇಕೆಂದು ಶಿಫಾರಸು ಮಾಡಿತು. ಅದರ ಜಾರಿಗಾಗಿ 1982ರಲ್ಲಿ ನಡೆದ ಚಳವಳಿ, ಬಳಿಕ ನ್ಯಾಯಾಲಯಗಳಲ್ಲಿ ನಡೆದ ವ್ಯಾಜ್ಯಗಳು ಎಲ್ಲರಿಗೂ ತಿಳಿದವು. ಇಂದಿನ ವ್ಯವಸ್ಥೆಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ವಿಷಯಗಳಿಗೆ ತಲಾ 100. ವೇಳಾಪಟ್ಟಿಯನ್ನು ರಚಿಸುವವರಿಗೆ ಈ ಅಂಕಗಳ ಅರ್ಥ ಸ್ಪಷ್ಟ: ಅಂಕ ಹೆಚ್ಚಿರುವಲ್ಲಿ ಅವಧಿ ಹೆಚ್ಚುತ್ತದೆ, ಅವಧಿ ಹೆಚ್ಚಿದಲ್ಲಿ ಉಪಾಧ್ಯಾಯಿನಿಯ ಹುದ್ದೆಯೊಂದು ಉಳಿಯುತ್ತದೆ. ಕನ್ನಡದ ಚಳವಳಿಯ ಚರಿತ್ರೆಯನ್ನು ಬರೆಯುವವರು ಬೀದಿಯ ಮೆರವಣಿಗೆಯೊಂದಿಗೆ ಈ ಸಣ್ಣ ಲೆಕ್ಕವನ್ನೂ ಗಮನಿಸಬೇಕು.

ಹುದ್ದೆಯ ಮಾತು ಬಂದುದರಿಂದ ನಮ್ಮ ಮುಖ್ಯ ಅಭಿಪ್ರಾಯವನ್ನು ಇಲ್ಲಿಯೇ ಹೇಳುವುದು ಯುಕ್ತ. ಮಠ, ಸರ್ಕಾರ, ಮನೆ ಇವು ಮೂರೂ ಹುಡುಗಿಯ ವಾರವನ್ನು ತಮ್ಮ ತಮ್ಮ ಕಡೆಗೆ ಎಳೆದವು. ಮಠಕ್ಕೆ ಭಕ್ತೆ ಬೇಕು, ಸರ್ಕಾರಕ್ಕೆ ತೇರ್ಗಡೆಯ ಸಂಖ್ಯೆ ಬೇಕು, ಮನೆಗೆ ಒಳ್ಳೆಯ ಸೊಸೆಯಾಗತಕ್ಕವಳು ಬೇಕು. ಮೂವರ ಲೆಕ್ಕದಲ್ಲಿಯೂ ಇರದ ಒಬ್ಬಳು ಈ ಎಳೆದಾಟದಿಂದ ಹುಟ್ಟಿಬಂದಳು. ಅವಳೇ ಸಂಬಳ ಪಡೆಯುವ ಉಪಾಧ್ಯಾಯಿನಿ. ಮಂಗಳೂರಿನಲ್ಲಿ ಇದರ ಮಾರ್ಗ ಸ್ಪಷ್ಟವಾಗಿ ಕಾಣುತ್ತದೆ. ಶಾಲೆಯಾದ ಅರ್ಧ ಶತಮಾನಕ್ಕೆ, 1921ರಲ್ಲಿ, ಅದೇ ಸಂಘದವರು ಸಂತ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆದರು. 1943ರಲ್ಲಿ ಸಂತ ಆ್ಯನ್ನರ ಶಿಕ್ಷಕ ತರಬೇತಿ ಕಾಲೇಜು ಆರಂಭವಾಯಿತು. ತ್ರಿಚೂರಿನಲ್ಲಿ 1944ರಲ್ಲಿ ತೊಡಗಿದ ಮೌಂಟ್ ಕಾರ್ಮೆಲ್ ಕಾಲೇಜು 1948ರಲ್ಲಿ ಬೆಂಗಳೂರಿಗೆ ಬಂದಿತು. ಪ್ರೌಢಶಾಲೆಯ ಬೆಂಚಿನಿಂದ ಎದ್ದವಳು ಕಾಲೇಜಿಗೆ, ಅಲ್ಲಿಂದ ತರಬೇತಿಗೆ, ಅಲ್ಲಿಂದ ಇನ್ನೊಂದು ಊರಿನ ಪ್ರೌಢಶಾಲೆಯ ಕರಿಹಲಗೆಯ ಮುಂದಕ್ಕೆ ಹೋಗುವ ಹಾದಿ ಹೀಗೆ ಪೂರ್ಣವಾಯಿತು. 1827ರಲ್ಲಿ ಪುದುಚೇರಿಗೆ ಬಂದು, ಬಹುಕಾಲದ ನಂತರ ಮಲ್ಲೇಶ್ವರದಲ್ಲಿ ಕಾನ್ವೆಂಟು ತೆರೆದ ಕ್ಲೂನಿ ಸಂಘದವರಂತೆ, ಇತರ ಸಂಘಗಳೂ ಈ ಹಾದಿಗೆ ಕವಲುಗಳನ್ನು ಕೂಡಿಸಿದವು. ರಾಜಾಜಿನಗರದಿಂದ ಮಲ್ಲೇಶ್ವರ ನಡೆದುಹೋಗುವಷ್ಟು ಹತ್ತಿರ.

ಕಾನ್ವೆಂಟು ಶಾಲೆಗಳಲ್ಲಿ ಭಗಿನಿಯರ ಸಂಖ್ಯೆ ಕುಗ್ಗುತ್ತ ಬಂದು, ಪಾಠದ ಹೊರೆಯ ಬಹುಭಾಗ ಗೃಹಸ್ಥ ಉಪಾಧ್ಯಾಯಿನಿಯರ ಮೇಲೆ ಬಿದ್ದಿದೆ. ಅವರು ಬೆಳಗ್ಗೆ ಮನೆಯ ಅಡಿಗೆ ಮುಗಿಸಿ ಬಸ್ಸು ಹಿಡಿದು ಬರುವವರು. ಗಂಟೆಯ ಶಿಸ್ತು ಅವರಿಗೆ ಮಠದಿಂದ ಬಂದುದಲ್ಲ. ಧನಸಹಾಯದ ಹುದ್ದೆಯಲ್ಲಿರುವವಳಿಗೂ ಆಡಳಿತ ಮಂಡಲಿಯ ಸಂಬಳದಲ್ಲಿರುವವಳಿಗೂ ಒಂದೇ ಕೊಠಡಿಯಲ್ಲಿ ಕುಳಿತರೂ ವರಮಾನ ಒಂದೇ ಅಲ್ಲ. ಮಧ್ಯಾಹ್ನದ ಗಂಟೆಗೆ ಈಗ ಇನ್ನೊಂದು ಕೆಲಸ ಸೇರಿದೆ: ಧನಸಹಾಯ ಪಡೆಯುವ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟವನ್ನು ಮಕ್ಕಳಿಗೆ ಬಡಿಸಿ ಲೆಕ್ಕ ಬರೆದಿಡುವುದು. ಹಿಂದೆ ಪ್ರಾರ್ಥನೆಗೆ ಎದ್ದು ನಿಲ್ಲುತ್ತಿದ್ದ ಹೊತ್ತಿಗೆ ಹುಡುಗಿಯರು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ.

ಈ ಬಗೆಯ ಅಧ್ಯಯನಕ್ಕೆ ಬೇಕಾದ ಆಧಾರಗಳು ಬೇಗ ಕರಗುತ್ತಿವೆ. ಸಂಘಗಳು ತಮ್ಮ ಸ್ಥಾಪಕರ ಪತ್ರಗಳನ್ನು ಜತನದಿಂದ ಕಾಯ್ದಿವೆ; ಹಾಜರಿಪಟ್ಟಿಗಳೂ ಪರಿವೀಕ್ಷಕರ ಷರಾ ಪುಸ್ತಕಗಳೂ ಕೆಲವೆಡೆ ಉಳಿದಿವೆ. ವೇಳಾಪಟ್ಟಿ ಮಾತ್ರ ಜೂನಿನಲ್ಲಿ ಗೋಡೆಗೆ ಏರಿ ಮಾರ್ಚಿನಲ್ಲಿ ಇಳಿಯುವ ಕಾಗದ; ರಟ್ಟು ಗಟ್ಟಿಯಾಗಿದ್ದರೆ ಅದರ ಹಿಂಬದಿಯ ಮೇಲೆ ಮುಂದಿನ ವರ್ಷದ್ದನ್ನು ಬರೆಯುತ್ತಾರೆ. ರಾಜಾಜಿನಗರದಿಂದ ಕೆಂಗೇರಿಯವರೆಗಿನ ಶಾಲೆಗಳವರು ತಮ್ಮ ಅಟ್ಟದ ಮೇಲೆ ಅಂತಹ ರಟ್ಟುಗಳು ಉಳಿದಿದ್ದರೆ ರದ್ದಿಗೆ ಹಾಕುವ ಮುನ್ನ ನಮ್ಮ ವಿಭಾಗಕ್ಕೆ ಒಮ್ಮೆ ತೋರಿಸಬೇಕೆಂದು ಕೋರುತ್ತೇವೆ. ಎರಡೂ ಬದಿಗಳನ್ನು ನಕಲು ಮಾಡಿಕೊಂಡು ಹಿಂತಿರುಗಿಸುತ್ತೇವೆ.